ಅಣ್ಣ, ತಮ್ಮ ಮತ್ತು ಒಂದು ಸಹಿ

ಹೋದ ವಾರ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿ, ಕಾಗೆ ಕಾಯುತ್ತ ಕೂತಿದ್ದೆ. ಬಿಸಿಲು ಚುರುಕಾಗಿಯೇ ಇತ್ತು. ಇದ್ದಕ್ಕಿದ್ದ ಹಾಗೆ ಟಪಟಪ ಅಂತ ಹನಿ ಬೀಳಬೇಕೆ! ಚಿಕ್ಕಂದಿನಲ್ಲಿ 'ಕಾಗೆಗೂ ನರಿಗೂ ಮದುವೆ' ಅಂತ ಅಂಗಳದಲ್ಲಿ ಕುಣಿಯುತ್ತಿದ್ದೆವಲ್ಲ, ಅದೇ ಥರದ ಬಿಸಿಲು ಮಳೆ. ಹಪ್ಪಳವನ್ನೆಲ್ಲ ಸೆರಗಿಗೆ ಬಾಚಿಕೊಂಡು ಏದುಸಿರು ಬಿಡುತ್ತ ಕೆಳಗಿಳಿದರೆ ಮೊಮ್ಮಗನಿಗೆ ನಗು. "ಅಜ್ಜಿ, ಈ ಮಳೆ ಮೇಲೇ ಒಂದು ಹಾಡಿದೆ, ಕೇಳು" ಅಂತ ಫೋನಿನಲ್ಲಿ ಒಂದು ಇಂಗ್ಲಿಷ್ ಹಾಡು ಹಾಕಿದ.

ರಾಕ್ ಸಂಗೀತ ಅಂದರೆ ತಲೆನೋವಿಗೆ ಇನ್ನೊಂದು ಹೆಸರು ಅಂತಲೇ ನಾನು ತಿಳಿದದ್ದು. ಆದರೆ ಇದು ಹಾಗಿರಲಿಲ್ಲ. ಗಿಟಾರು, ಡ್ರಮ್ಮು ಎಲ್ಲ ಇದ್ದರೂ ಒಬ್ಬನ ಕಂಠ ಮಾತ್ರ ಎದೆಯೊಳಗಿಂದ ಕಿತ್ತು ತಂದಂತೆ ಕೇಳಿಸಿತು. ಮಾತು ಪೂರಾ ತಿಳಿಯದಿದ್ದರೂ ಇವನಿಗೇನೋ ದುಃಖವಿದೆ ಅನ್ನುವುದು ತಿಳಿಯಿತು. "ಯಾರೋ ಇದು?" ಅಂದೆ. "ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್" ಅಂದ. ಯಾವುದೋ ಊರಿನ ಕುಡಿಯುವ ನೀರಿನ ಯೋಜನೆಯ ಹೆಸರಿನಂತಿದೆಯಲ್ಲ ಅಂದದ್ದಕ್ಕೆ ಅವನು ಮತ್ತೊಮ್ಮೆ ನಕ್ಕ.

ಬಿಸಿಲು ಮಳೆಯ ಆ ಹಾಡನ್ನು ಬರೆದು ಹಾಡಿದವರು ಜಾನ್ ಫೋಗರ್ಟಿ. ಅವರೇ ಹೇಳಿರುವಂತೆ ಅದು ನಿಜವಾಗಿ ಮಳೆಯ ಹಾಡಲ್ಲ. ಹಣ, ಕೀರ್ತಿ, ಜನಪ್ರಿಯತೆ ಎಲ್ಲ ಬಿಸಿಲಿನಂತೆ ಸುರಿಯುತ್ತಿದ್ದ ಕಾಲದಲ್ಲೇ ತಂಡದೊಳಗೆ ಮನಸ್ಸುಗಳು ಮುರಿಯುತ್ತಿದ್ದುವು. ಅದನ್ನು ಕಂಡು ಬರೆದದ್ದು. ತಂಡದಲ್ಲಿದ್ದವರು ನಾಲ್ವರು. ಅವರಲ್ಲಿ ಇಬ್ಬರು ಒಡಹುಟ್ಟಿದವರು. ಇಷ್ಟು ಕೇಳಿದ ಮೇಲೆ ಸುಮ್ಮನಿರುವುದುಂಟೆ? ಪೂರ್ತಿ ಕಥೆ ಹೇಳಿಸಿಕೊಂಡೆ, ಸಿಕ್ಕಿದ್ದನ್ನೆಲ್ಲ ಓದಿಸಿಕೊಂಡೆ. ಈ ಸಲ ಹಲಸಿನ ಹಪ್ಪಳದ ವಿಚಾರ ಬರೆಯುತ್ತೇನೆ ಅಂದಿದ್ದೆ. ಅದು ಮುಂದಿನ ಸಂಚಿಕೆಗೆ ಇರಲಿ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಇನ್ನೊಂದು ದಡದಲ್ಲಿ ಎಲ್ ಸೆರಿಟೊ ಅಂತ ಒಂದು ಚಿಕ್ಕ ಊರು. ಅಲ್ಲಿ ಲುಸೀಲ್ ಎಂಬ ಉಪಾಧ್ಯಾಯಿನಿ. ಐದು ಜನ ಗಂಡು ಮಕ್ಕಳು. ಗಂಡ ಬೇರೆಯಾಗಿ ಹೊರಟುಹೋದ ಮೇಲೆ ಐವರನ್ನೂ ಆಕೆಯೇ ಸಾಕಿದ್ದು. ಮೂರನೆಯವನು ಜಾನ್, 1945ರಲ್ಲಿ ಹುಟ್ಟಿದವನು. ಅವನಿಗಿಂತ ಮೂರೂವರೆ ವರ್ಷ ದೊಡ್ಡವನು ಟಾಮ್. ಜಾನ್ ಇನ್ನೂ ಪುಟ್ಟ ಮಗುವಾಗಿದ್ದಾಗ ತಾಯಿ ಒಂದು ಗ್ರಾಮಫೋನ್ ತಟ್ಟೆ ತಂದುಕೊಟ್ಟು, ಇದರಲ್ಲಿರುವ ಎರಡು ಹಾಡನ್ನೂ ಬರೆದವನು ಸ್ಟೀಫನ್ ಫಾಸ್ಟರ್ ಅಂತ ಹೇಳಿದರಂತೆ. ಹಾಡು ಅಂದರೆ ಗಾಳಿಯಲ್ಲಿ ತಾನಾಗಿ ಬರುವುದಲ್ಲ, ಅದನ್ನು ಕೂತು ಬರೆಯುವವನೊಬ್ಬ ಇರುತ್ತಾನೆ ಎಂದು ತನಗೆ ಹೊಳೆದದ್ದೇ ಆಗ ಎಂದು ಜಾನ್ ಬಹಳ ವರ್ಷಗಳ ಮೇಲೆ ನೆನೆಸಿಕೊಂಡಿದ್ದಾರೆ. ತಾಯಂದಿರು ಅಡಿಗೆಮನೆಯಿಂದ ಆಡಿದ ಒಂದು ಮಾತು ಎಲ್ಲಿ ಹೋಗಿ ಮೊಳೆಯುತ್ತದೋ ಯಾರು ಕಂಡವರು!

1959ರಲ್ಲಿ ಜಾನ್ ತನ್ನ ಶಾಲೆಯ ಇಬ್ಬರು ಗೆಳೆಯರ ಜೊತೆ ಸೇರಿ ಒಂದು ವಾದ್ಯತಂಡ ಕಟ್ಟಿದ. ಡ್ರಮ್ಸಿಗೆ ಡಗ್ ಕ್ಲಿಫರ್ಡ್, ಇನ್ನೊಬ್ಬ ಸ್ಟೂ ಕುಕ್. ಈ ಇಬ್ಬರೂ ಹುಟ್ಟಿದ್ದು 1945ರ ಏಪ್ರಿಲ್‌ನಲ್ಲಿ, ಒಂದೇ ಒಂದು ದಿನ ಹಿಂದೆ ಮುಂದೆ. ಅಣ್ಣ ಟಾಮ್ ಆಗಲೇ ಹಾಡುಗಾರನೆಂದು ಊರಲ್ಲಿ ಹೆಸರು ಮಾಡಿದ್ದವನು. ಹುಡುಗರು ಅವನಿಗೆ ಪಕ್ಕವಾದ್ಯ ನುಡಿಸತೊಡಗಿದರು. ಮೊದಮೊದಲು ತಂಡದ ಹೆಸರಿನಲ್ಲೂ ಟಾಮನ ಹೆಸರೇ ಮುಂದೆ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1964ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫ್ಯಾಂಟಸಿ ಎಂಬ ಪುಟ್ಟ ಧ್ವನಿಮುದ್ರಣ ಕಂಪನಿ ಇವರನ್ನು ಸೇರಿಸಿಕೊಂಡಿತು. ಕಂಪನಿಯವರು ಇವರನ್ನು ಕೇಳದೆಯೇ 'ಗಾಲಿವಾಗ್ಸ್' ಅಂತ ಹೆಸರಿಟ್ಟರು. ಅದು ಕರಿಯರನ್ನು ಹಾಸ್ಯ ಮಾಡುವ ಒಂದು ಬಗೆಯ ಗೊಂಬೆಯ ಹೆಸರು. ಸಾಲದ್ದಕ್ಕೆ ತಲೆಗೆ ಬಿಳಿಯ ತುಪ್ಪಳದ ಟೊಪ್ಪಿ ಬೇರೆ! ನಾಲ್ವರಿಗೂ ನಾಚಿಕೆಯಾಗುತ್ತಿತ್ತು, ಆದರೂ ಹಾಕಿಕೊಂಡರು. ಅದೇ ಕಂಪನಿಯ ಉಗ್ರಾಣದಲ್ಲಿ ಜಾನ್ ತಟ್ಟೆಗಳನ್ನು ಕಟ್ಟಿ ಕಳಿಸುವ ಗುಮಾಸ್ತೆಯ ಕೆಲಸವನ್ನೂ ಮಾಡಿದ. ಟಾಮನಿಗೆ ಆಗಲೇ ಮದುವೆಯಾಗಿ ಮಕ್ಕಳಿದ್ದರು. ಹಗಲು ವಿದ್ಯುತ್ ಕಂಪನಿಯ ನೌಕರಿ, ರಾತ್ರಿ ಹಾಡು. ಈ ಮಧ್ಯೆ ಟಾಮನೇ ಮುಂದಾಗಿ ಹಾಡುವ ಜಾಗವನ್ನು ತಮ್ಮನಿಗೆ ಬಿಟ್ಟುಕೊಟ್ಟ. ತಾನೂ ಹಾಡಬಲ್ಲೆ, ಆದರೆ ತಮ್ಮನ ಕಂಠದಲ್ಲಿ ಬೇರೆಯೇ ಒಂದು ನಾದವಿದೆ ಎಂದು ಅವನೇ ಒಪ್ಪಿಕೊಂಡದ್ದು. ಮೈಕು ಬಿಟ್ಟು ಪಕ್ಕದಲ್ಲಿ ನಿಂತು ಲಯಕ್ಕೆ ಗಿಟಾರ್ ನುಡಿಸತೊಡಗಿದ. ಕೈಗೆ ಬಂದ ಪಟ್ಟವನ್ನು ತಮ್ಮನಿಗೆ ಬಿಟ್ಟುಕೊಡುವುದು ರಾಮಾಯಣ ಓದಿದ ನಮ್ಮಲ್ಲೇ ಎಷ್ಟು ಮನೆಯಲ್ಲಿ ನಡೆದೀತು ಹೇಳಿ?

ಆಗ ವಿಯೆಟ್ನಾಂ ಯುದ್ಧದ ಕಾಲ. ಹುಡುಗರನ್ನು ಕಾನೂನಿನ ಬಲದಿಂದ ಸೈನ್ಯಕ್ಕೆ ಸೇರಿಸುತ್ತಿದ್ದರು. 1966ರಲ್ಲಿ ಜಾನ್ ಮೀಸಲು ಸೇನೆಗೆ ಸೇರಬೇಕಾಯಿತು, ಡಗ್ ಕರಾವಳಿ ಪಡೆಯ ಮೀಸಲಿಗೆ. ಸುಡು ಬಿಸಿಲಿನಲ್ಲಿ ಕವಾಯತು ಮಾಡುತ್ತ ಜಾನ್ ತಲೆಯೊಳಗೇ ಹಾಡು ಕಟ್ಟುತ್ತಿದ್ದನಂತೆ. 1967ರಲ್ಲಿ ಬಿಡುಗಡೆ. ಅದೇ ವರ್ಷ ಫ್ಯಾಂಟಸಿ ಕಂಪನಿಯನ್ನು ಸಾಲ್ ಜೆಂಟ್ಜ್ ಎಂಬುವರು ಕೊಂಡುಕೊಂಡರು. ಆ ಟೊಪ್ಪಿ, ಆ ಹೆಸರು ಎರಡೂ ಹೋಗಿ ಹೊಸ ಹೆಸರು ಬಂತು. ಟಾಮನ ಗೆಳೆಯನೊಬ್ಬನ ಹೆಸರಿನಿಂದ 'ಕ್ರೀಡೆನ್ಸ್', ಬಿಯರಿನ ಜಾಹೀರಾತಿನಲ್ಲಿ ಕಂಡ ತಿಳಿನೀರಿನಿಂದ 'ಕ್ಲಿಯರ್‌ವಾಟರ್', ತಾವೇ ಮತ್ತೆ ಹುಟ್ಟಿ ಬರುತ್ತಿದ್ದೇವೆ ಎನ್ನುವುದಕ್ಕೆ 'ರಿವೈವಲ್'. ಹೊಸ ಹೆಸರಿನ ಜೊತೆಗೆ ಹೊಸ ಕರಾರು ಪತ್ರವೂ ಬಂತು. ನಾಲ್ವರೂ ಸಹಿ ಹಾಕಿದರು. ನೀವು ದೊಡ್ಡ ಹೆಸರು ಮಾಡಿದ ದಿನ ಈ ಕಾಗದ ಹರಿದು ಹಾಕಿ ಬೇರೆ ಒಳ್ಳೆಯದು ಬರೆಯೋಣ ಎಂದು ಬಾಯಿಮಾತಿನ ಭರವಸೆ ಸಿಕ್ಕಿತ್ತು ಎಂದು ಜಾನ್ ಹೇಳುತ್ತ ಬಂದಿದ್ದಾರೆ. ಕಾಗದ ಮಾತ್ರ ಹರಿಯಲಿಲ್ಲ.

ಆ ಮೇಲಿನ ಮೂರು ವರ್ಷ ಮಾತ್ರ ಕೇಳಬೇಡಿ! 1969 ಒಂದೇ ವರ್ಷದಲ್ಲಿ ಮೂರು ದೊಡ್ಡ ಧ್ವನಿಮುದ್ರಿಕೆಗಳು. ಒಂದಕ್ಕಿಂತ ಒಂದು ಚೆನ್ನ. ಆ ಕಾಲದ ಎಷ್ಟೋ ತಂಡಗಳು ಮಾದಕ ವಸ್ತುವಿನ ಅಮಲಿನಲ್ಲಿ ತೇಲುತ್ತಿದ್ದಾಗ ಇವರದು ಆಫೀಸಿಗೆ ಹೋಗುವವರ ಶಿಸ್ತು. ಡಗ್ ಮನೆಯ ಹಿಂದಿನ, ತೋಟದ ಸಾಮಾನಿಡುವ ಶೆಡ್ಡಿನಲ್ಲಿ ದಿನವೂ ತಪ್ಪದೆ ಅಭ್ಯಾಸ. ಕಾರ್ಖಾನೆಗೆ ಹೋಗುವ ಹಾಗೆ ಹೋಗಬೇಕಲ್ಲಪ್ಪ ಅಂತ ಡಗ್ ಅದಕ್ಕೆ 'ಫ್ಯಾಕ್ಟರಿ' ಅಂತಲೇ ಹೆಸರಿಟ್ಟ. ಡಗ್‌ನ ಅಡ್ಡಹೆಸರು ಕಾಸ್ಮೊ. 1970ರ ಮುದ್ರಿಕೆಗೆ 'ಕಾಸ್ಮೋಸ್ ಫ್ಯಾಕ್ಟರಿ' ಅಂತ ಹೆಸರು ಬಂದದ್ದು ಹಾಗೆ.

ಅವರ ಹಾಡುಗಳಲ್ಲಿ ನನಗೆ ಬಹಳ ಹಿಡಿಸಿದ್ದು 'ಪ್ರೌಡ್ ಮೇರಿ'ಯ ಹುಟ್ಟಿನ ಕಥೆ. ಈಗ ಕೇಳಿದವರಿಗೆ ಅದು ಮಿಸಿಸಿಪಿ ನದಿಯಲ್ಲಿ ಚಕ್ರ ತಿರುಗಿಸುತ್ತ ಹೋಗುವ ಹಬೆದೋಣಿಯ ಹಾಡು. ಆದರೆ ಜಾನ್ ಮನಸ್ಸಿನಲ್ಲಿ ಮೊದಲು ಇದ್ದ ಮೇರಿ ದೋಣಿಯಲ್ಲ, ಸಿರಿವಂತರ ಮನೆಯಲ್ಲಿ ಬಟ್ಟೆ ಒಗೆದು ಕಸ ಗುಡಿಸುವ ಒಬ್ಬ ಮನೆಗೆಲಸದಾಕೆ. ಪುಸ್ತಕದಲ್ಲಿ ಹೆಸರು ಗುರುತು ಹಾಕಿಕೊಂಡಿದ್ದ. ಸೇನೆಯಿಂದ ಬಿಡುಗಡೆಯ ಕಾಗದ ಬಂದ ಸಂತೋಷದಲ್ಲಿ ಗಿಟಾರ್ ಹಿಡಿದು ಕೂತಾಗ ಸ್ವರಗಳು ದೋಣಿಯ ಚಕ್ರದಂತೆ ತಿರುಗಿದವು, ಮೇರಿ ದೋಣಿಯಾದಳು. ತಮಾಷೆ ಎಂದರೆ ಮಿಸಿಸಿಪಿ ನದಿಯನ್ನು ಆತ ಅಲ್ಲಿಯವರೆಗೆ ಕಣ್ಣಿಂದ ಕಂಡಿರಲಿಲ್ಲ. ದಕ್ಷಿಣದ ಜವುಗು ನೆಲ, ನದಿ, ಕಪ್ಪೆ, ಬೆಳದಿಂಗಳು ಎಲ್ಲ ಬರುವ ಹಾಡುಗಳನ್ನು ಬರೆದವನು ಕ್ಯಾಲಿಫೋರ್ನಿಯದ ಹುಡುಗ!

ಎರಡು ವರ್ಷದ ಮೇಲೆ, 1971ರಲ್ಲಿ, ಅದೇ ಹಾಡನ್ನು ಟೀನಾ ಟರ್ನರ್ ಹಾಡಿದರು. ನಿಧಾನವಾಗಿ, ಮಾತಾಡಿದಂತೆ ಶುರು ಮಾಡಿ, ಆ ಮೇಲೆ ಬಿರುಗಾಳಿಯಂತೆ. ಅದಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಜೊತೆಗೆ ನುಡಿಸುತ್ತಿದ್ದ ಗಂಡ ಐಕ್ ಆಕೆಯನ್ನು ಹೊಡೆಯುತ್ತಿದ್ದ. 1976ರಲ್ಲಿ ಒಂದು ದಿನ ಕೈಯಲ್ಲಿ 36 ಸೆಂಟ್ ಚಿಲ್ಲರೆ, ಒಂದು ಪೆಟ್ರೋಲ್ ಕಾರ್ಡು ಇಟ್ಟುಕೊಂಡು ಆಕೆ ಅವನನ್ನು ಬಿಟ್ಟು ನಡೆದರು. ವಿಚ್ಛೇದನದಲ್ಲಿ ಹಟ ಹಿಡಿದು ಉಳಿಸಿಕೊಂಡದ್ದು 'ಟೀನಾ ಟರ್ನರ್' ಎನ್ನುವ ಹೆಸರನ್ನು. ಆ ಹೆಸರಿನಿಂದಲೇ ಮತ್ತೆ ಮೇಲೆ ಬಂದರು. ಎಪ್ಪತ್ತರ ಹತ್ತಿರ ಬಂದು ಕೊನೆಯ ಪ್ರವಾಸ ಮಾಡಿದಾಗಲೂ 'ಪ್ರೌಡ್ ಮೇರಿ' ಬಿಡಲಿಲ್ಲ. 2023ರಲ್ಲಿ ತೀರಿಕೊಂಡರು. ಬಟ್ಟೆ ಒಗೆಯುವ ಮೇರಿಯನ್ನು ದೋಣಿಯಾಗಿಸಿದ್ದು ಜಾನ್. ದೋಣಿಯನ್ನು ಮತ್ತೆ ಹೆಂಗಸಾಗಿಸಿದ್ದು ಟೀನಾ ಅಂತ ನನಗನ್ನಿಸುತ್ತದೆ.

'ಫಾರ್ಚುನೇಟ್ ಸನ್' ಅನ್ನುವುದು ಬೇರೆ ಥರದ ಹಾಡು, ಸಿಟ್ಟಿನ ಹಾಡು. ಕಾಲೇಜಿನಲ್ಲಿ ಓದುವವರಿಗೆ ಸೈನ್ಯದಿಂದ ರಿಯಾಯಿತಿ ಸಿಗುತ್ತಿತ್ತು. ದುಡ್ಡಿದ್ದವರ, ದೊಡ್ಡವರ ಮಕ್ಕಳು ಹೇಗೋ ತಪ್ಪಿಸಿಕೊಳ್ಳುತ್ತಿದ್ದರು; ಯುದ್ಧಕ್ಕೆ ಹೋಗುತ್ತಿದ್ದುದು ಕೂಲಿಯವರ ಮಕ್ಕಳು. ಆ ಅನ್ಯಾಯದ ಮೇಲೆ ಬರೆದದ್ದು. ವಿಯೆಟ್ನಾಂ ವಿಚಾರದ ಸಿನಿಮಾ ಬಂದರೆ ಈಗಲೂ ಇದೇ ಹಾಡು ಹಾಕುತ್ತಾರೆ. 1994ರ 'ಫಾರೆಸ್ಟ್ ಗಂಪ್' ನೋಡಿದವರಿಗೆ ಗೊತ್ತು.

1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವ ಆಯಿತಲ್ಲ, ನಾಲ್ಕು ಲಕ್ಷ ಜನ ಮಳೆ ಕೆಸರಿನಲ್ಲಿ ಕೂತು ಕೇಳಿದರು ಅಂತ ಹೇಳುತ್ತಾರಲ್ಲ, ಅದಕ್ಕೆ ಒಪ್ಪಿಕೊಂಡ ಮೊದಲ ಹೆಸರಾಂತ ತಂಡ ಇವರದೇ. ಇವರು ಬಂದಿದ್ದಾರೆಂದು ಮಿಕ್ಕವರೂ ಒಪ್ಪಿದರು. ಆದರೆ ಸರದಿ ಬಂದದ್ದು ನಡುರಾತ್ರಿ ಕಳೆದು. ಜನ ಕೆಸರಿನಲ್ಲೇ ಮಲಗಿ ನಿದ್ದೆ ಹೋಗಿದ್ದರು. ಜಾನ್‌ಗೆ ಬೇಸರವಾಗಿ, ಸಿನಿಮಾದಲ್ಲಿ ನಮ್ಮದು ಹಾಕಬೇಡಿ ಅಂದುಬಿಟ್ಟ. ಆ ಸಿನಿಮಾದಿಂದ ಎಷ್ಟೋ ತಂಡಗಳು ಜಗತ್ತಿಗೆಲ್ಲ ಗೊತ್ತಾದುವು. ಇವರ ಆ ರಾತ್ರಿಯ ಹಾಡು ಪೂರ್ತಿಯಾಗಿ ಹೊರಗೆ ಬಂದದ್ದು 2019ರಲ್ಲಿ, ಐವತ್ತು ವರ್ಷ ಕಳೆದ ಮೇಲೆ. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲೂ ಇದೇ ಹಣೆಬರಹ. ಐದು ಸಲ ಎರಡನೇ ಸ್ಥಾನ, ಒಂದು ಸಲವೂ ಮೊದಲನೆಯದಿಲ್ಲ!

ಈಗ ಟಾಮನ ವಿಚಾರಕ್ಕೆ ಬರುತ್ತೇನೆ. ಹಾಡು ಬರೆಯುವವನು ಜಾನ್, ಹಾಡುವವನು ಜಾನ್, ಮುಖ್ಯ ಗಿಟಾರ್ ಜಾನ್, ವ್ಯವಹಾರ ನೋಡುವವನೂ ಜಾನ್. ಮಿಕ್ಕ ಮೂವರು ಹೇಳಿದ್ದನ್ನು ನುಡಿಸಬೇಕು. ಟಾಮ್ ಕೇಳಿದ್ದೇನು ದೊಡ್ಡದಲ್ಲ, ತನಗೂ ಒಂದೆರಡು ಹಾಡಲು ಅವಕಾಶ ಕೊಡು ಅಂತ. ಸಿಗಲಿಲ್ಲ. 1971ರ ಶುರುವಿನಲ್ಲಿ ಅಣ್ಣ ತಂಡ ಬಿಟ್ಟು ನಡೆದ. ಜಾನ್ ವಾದದಲ್ಲೂ ನ್ಯಾಯವಿದೆ. ಕೇಳುವವರಿಗೆ ಬೇಕಾದದ್ದು ಅವನ ಕಂಠ, ಚೆನ್ನಾಗಿರುವುದನ್ನು ಕೆಡಿಸುವುದೇಕೆ ಅಂತ. ಆದರೂ ನನಗೆ ಒಪ್ಪಿಗೆಯಾಗುವುದಿಲ್ಲ. ಹಬ್ಬದ ಅಡಿಗೆಯೆಲ್ಲ ನಾನೇ ಮಾಡುತ್ತೇನೆ, ನನ್ನಷ್ಟು ರುಚಿಯಾಗಿ ಯಾರಿಗೂ ಬರುವುದಿಲ್ಲ ಅನ್ನುವ ಸೊಸೆಯನ್ನೋ ಅತ್ತೆಯನ್ನೋ ನೀವು ಕಂಡಿಲ್ಲವೇ? ಅಡಿಗೆ ರುಚಿಯಾಗಿಯೇ ಇರುತ್ತದೆ. ಆದರೆ ಓರಗಿತ್ತಿಯೊಬ್ಬಳು ಕೋಸಂಬರಿ ಮಾಡುತ್ತೇನೆ ಅಂದರೆ ಬಿಡಬೇಕಪ್ಪ. ಉಪ್ಪು ಚೂರು ಹೆಚ್ಚಾದರೆ ಪ್ರಳಯವಾಗುವುದಿಲ್ಲ.

ಅಣ್ಣ ಹೋದ ಮೇಲೆ ಜಾನ್ ಇನ್ನೊಂದು ತುದಿಗೆ ಹೋದ. ಸರಿ, ಇನ್ನು ಮೇಲೆ ಮೂವರೂ ಸಮಪಾಲು ಬರೆಯಬೇಕು, ಹಾಡಬೇಕು ಅಂತ. 1972ರ 'ಮಾರ್ಡಿ ಗ್ರಾ' ಹಾಗೆ ಹೊರಟಿತು. ವಿಮರ್ಶಕರು ಹಿಗ್ಗಾಮುಗ್ಗಾ ಬೈದರು. ಆ ವರ್ಷದ ಅಕ್ಟೋಬರಿನಲ್ಲಿ ತಂಡವೇ ಮುಗಿಯಿತು. ಅಣ್ಣನಿಗೆ ಕೊಡದಿದ್ದ ಪಾಲನ್ನು ಅಣ್ಣ ಹೋದ ಮೇಲೆ ಬೇರೆಯವರಿಗೆ ಕೊಟ್ಟರೆ ಏನು ಬಂತು?

ಇನ್ನು ಆ ಸಹಿ. ಹಾಡಿನ ಹಕ್ಕು ಅಂದರೇನು ಅಂತ ನನಗೂ ಮೊದಲು ತಿಳಿಯಲಿಲ್ಲ. ಮೊಮ್ಮಗ ಬಿಡಿಸಿ ಹೇಳಿದ್ದನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳುತ್ತೇನೆ. ಉಪ್ಪಿನಕಾಯಿ ಇದೆ ಅನ್ನಿ. ಮಾಡುವ ವಿಧಾನ ಬೇರೆ, ಜಾಡಿಯಲ್ಲಿ ತುಂಬಿ ಅಂಗಡಿಯಲ್ಲಿಟ್ಟ ಮಾಲು ಬೇರೆ. ಹಾಡಿಗೂ ಹಾಗೆ ಎರಡು ಹಕ್ಕು. ಬರೆದ ಹಾಡಿನ ಪ್ರಕಾಶನದ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. ಈ ಹುಡುಗರ ಕರಾರಿನಲ್ಲಿ ಎರಡೂ ಕಂಪನಿಯ ಪಾಲಾಗಿದ್ದುವು. ಬರೆದವನೆಂದು ಜಾನ್‌ಗೆ ಒಂದಷ್ಟು ಪಾಲು ಬರುತ್ತಿದ್ದುದು ನಿಜ. ಆದರೆ ಯಾವ ಹಾಡು ಯಾವ ಸಿನಿಮಾಕ್ಕೆ, ಯಾವ ಜಾಹೀರಾತಿಗೆ ಎಂದು ತೀರ್ಮಾನಿಸುವ ಒಡೆತನ ಅವನದಲ್ಲ. ಮೇಲಾಗಿ ಇನ್ನೂ ಬರೆಯದ ಎಷ್ಟೋ ಹಾಡುಗಳನ್ನು ಅದೇ ಕಂಪನಿಗೆ ಕೊಡಬೇಕೆಂಬ ಷರತ್ತು ಬೇರೆ.

ಬರೆದವನ ಕೈತಪ್ಪಿ ಹಾಡು ಹೋದದ್ದು ಇದೊಂದೇ ಕಡೆಯಲ್ಲ. ಅದೇ ಕ್ಯಾಲಿಫೋರ್ನಿಯದಲ್ಲಿ ಬೀಚ್ ಬಾಯ್ಸ್ ಅಂತ ಇನ್ನೊಂದು ದೊಡ್ಡ ತಂಡ, ವಿಲ್ಸನ್ ಮನೆಯ ಮೂವರು ಅಣ್ಣತಮ್ಮಂದಿರಿದ್ದದ್ದು. 1969ರಲ್ಲಿ ಅವರ ತಂದೆಯೇ ಮಗ ಬ್ರಯನ್ ಬರೆದ ಹಾಡುಗಳ ಹಕ್ಕನ್ನು ಏಳು ಲಕ್ಷ ಡಾಲರಿಗೆ ಮಾರಿಬಿಟ್ಟ. ಈ ಹುಡುಗರ ಕಾಲ ಮುಗಿಯಿತು, ಇನ್ನು ಈ ಹಾಡಿಗೆ ಬೆಲೆ ಬರದು ಅನ್ನುವ ಎಣಿಕೆ. ಮುಂದೆ ಅವು ಎಷ್ಟು ಕೋಟಿ ಬಾಳಿದುವೋ ದೇವರೇ ಬಲ್ಲ.

ಇದನ್ನು ಓದಿಸುತ್ತಿದ್ದಾಗ ನನಗೆ ನಮ್ಮಮ್ಮನ ನೆನಪಾಯಿತು. ತವರಿನಲ್ಲಿ ಒಂದು ಮಧ್ಯಾಹ್ನ ಊಟ ಬಡಿಸುತ್ತಿದ್ದವಳನ್ನು ಕರೆದು, 'ಇಲ್ಲೊಂದು ಸಹಿ ಹಾಕವ್ವ' ಅಂದರಂತೆ. ಕೈ ಒರೆಸಿಕೊಂಡು ಹಾಕಿ ಬಂದಳು. ಹಕ್ಕು ಬಿಡುಗಡೆಯ ಪತ್ರ ಅದು ಅಂತ ತಿಳಿದದ್ದು ಎಂಟು ವರ್ಷದ ಮೇಲೆ. ಆಸ್ತಿಗೆ ಅವಳೇನೂ ಅಳಲಿಲ್ಲ. "ಓದಿ ಹೇಳಿದ್ದರೂ ಹಾಕುತ್ತಿದ್ದೆ, ಓದಿ ಹೇಳಲಿಲ್ಲವಲ್ಲ" ಅನ್ನುತ್ತಿದ್ದಳು. ಅಷ್ಟೆ.

ಜಾನ್ ಫೋಗರ್ಟಿ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ತೆರಿಗೆ ಉಳಿಯುತ್ತದೆಂದು ಹೇಳಿ ತಂಡದ ಗಳಿಕೆಯನ್ನು ಬಹಾಮಾ ದ್ವೀಪದ ಒಂದು ಬ್ಯಾಂಕಿನಲ್ಲಿ ಇಡಿಸಿದ್ದರು. 1977ರಲ್ಲಿ ಅದು ಮುಳುಗಿತು, ಉಳಿಸಿದ್ದೂ ಹೋಯಿತು. ಕರಾರಿನಿಂದ ಬಿಡುಗಡೆಯಾದರೆ ಸಾಕೆಂದು 1980ರ ಹೊತ್ತಿಗೆ ಹಳೆಯ ಮುದ್ರಿಕೆಗಳ ಮಾರಾಟದಲ್ಲಿ ತನಗೆ ಬರಬೇಕಾದ ಪಾಲನ್ನೂ ಬಿಟ್ಟುಕೊಟ್ಟ. ಸಿಟ್ಟಿನಲ್ಲಿ ಇನ್ನೊಂದು ಶಪಥವನ್ನೂ ಮಾಡಿದ. ತನ್ನ ಹಳೆಯ ಹಾಡುಗಳನ್ನು ಇನ್ನು ಸಭೆಯಲ್ಲಿ ಹಾಡುವುದಿಲ್ಲ, ಹಾಡಿದರೆ ಲಾಭ ಅವರಿಗೆ ತಾನೇ? ಹೆತ್ತ ಮಕ್ಕಳನ್ನೇ ಬೀದಿಯಲ್ಲಿ ಕಂಡರೆ ಮುಖ ತಿರುಗಿಸಿದ ಹಾಗೆ. 1986ರಲ್ಲಿ ಊರೂರು ತಿರುಗಿ ಕಛೇರಿ ಮಾಡಿದಾಗಲೂ ಜನ ಕೇಳಿ ಕೇಳಿ ಸೋತರು, ಆತ ಹಾಡಲಿಲ್ಲ.

ಇದರ ಮಧ್ಯೆ ಒಂದು ವಿಚಿತ್ರ ಮೊಕದ್ದಮೆ. 1985ರಲ್ಲಿ ಬೇರೆ ಕಂಪನಿಗೆ ಹಾಡಿದ ಒಂದು ಹೊಸ ಹಾಡು, 1970ರ ತನ್ನದೇ ಹಾಡಿನ ನಕಲು ಎಂದು ಫ್ಯಾಂಟಸಿ ಕಂಪನಿ ದಾವೆ ಹೂಡಿತು. ತನ್ನ ಹಾಡನ್ನು ತಾನೇ ಕದ್ದ ಎಂಬ ಆರೋಪ! 1988ರಲ್ಲಿ ಜಾನ್ ಸಾಕ್ಷಿಕಟ್ಟೆಗೆ ಗಿಟಾರನ್ನೇ ತೆಗೆದುಕೊಂಡು ಹೋಗಿ, ತಾನು ಹಾಡು ಕಟ್ಟುವ ರೀತಿಯನ್ನು ನುಡಿಸಿ ತೋರಿಸಿದ. ತನ್ನ ಕೈಬರಹ ತನ್ನದೇ ಹಾಗಿರದೆ ಇನ್ನು ಯಾರ ಹಾಗಿರಬೇಕು? ಪಂಚಾಯತರು ಜಾನ್ ಕಡೆಗೇ ತೀರ್ಪು ಕೊಟ್ಟರು. ವಕೀಲರ ಖರ್ಚು ಯಾರು ಕೊಡಬೇಕು ಅನ್ನುವ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿ 1994ರಲ್ಲಿ ಅಲ್ಲಿಯೂ ಆತನೇ ಗೆದ್ದ. ಆ ತೀರ್ಪನ್ನು ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಮೌನ ಮುರಿದದ್ದು ಹೇಗೆ ಅಂತೀರಾ? 1987ರ ಫೆಬ್ರವರಿಯಲ್ಲಿ ಒಂದು ರಾತ್ರಿ ಕ್ಲಬ್ಬೊಂದರಲ್ಲಿ ಬಾಬ್ ಡಿಲನ್, ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಇವರೆಲ್ಲ ಅಕಸ್ಮಾತ್ತಾಗಿ ಸೇರಿ ನುಡಿಸುತ್ತಿದ್ದರು. ಜಾನ್ ಕೂಡ ಇದ್ದ. ನೀನು ಹಾಡದೆ ಹೋದರೆ 'ಪ್ರೌಡ್ ಮೇರಿ' ಟೀನಾ ಟರ್ನರ್ ಹಾಡು ಅಂತಲೇ ಜಗತ್ತೆಲ್ಲ ತಿಳಿಯುತ್ತದೆ ಅಂತ ಡಿಲನ್ ಚುಚ್ಚಿದರಂತೆ. ಚುಚ್ಚಿದ್ದು ತಾಗಿತು! ಹಾಡಿದ. ಅದೇ ವರ್ಷದ ಜುಲೈ 4ರಂದು ವಾಷಿಂಗ್ಟನ್ ಬಳಿ ವಿಯೆಟ್ನಾಂನಿಂದ ಮರಳಿದ ಸೈನಿಕರಿಗಾಗಿ ನಡೆದ ಕಛೇರಿಯಲ್ಲಿ ಸಾಲಾಗಿ ಹಳೆಯ ಹಾಡುಗಳನ್ನೇ ಹಾಡಿದ. ಆ ಮೇಲೆ 1990ರ ಸುಮಾರಿಗೆ ಕೊನೆಗೂ ಮಿಸಿಸಿಪಿಗೆ ಹೋದ. 1938ರಲ್ಲಿ ಬಡತನದಲ್ಲೇ ಸತ್ತ ಕರಿಯ ಗಾಯಕ ರಾಬರ್ಟ್ ಜಾನ್ಸನ್‌ನ ಸಮಾಧಿಯ ಮುಂದೆ ನಿಂತಾಗ, ಇವನ ಹಾಡಿನ ಹಕ್ಕು ಈಗ ಯಾವ ವಕೀಲನ ಕಪಾಟಿನಲ್ಲಿದೆಯೋ, ಆದರೆ ಹಾಡು ಇವನದೇ ಅಲ್ಲವೇ ಎಂದು ಅನ್ನಿಸಿತಂತೆ. ತನ್ನ ಹಾಡುಗಳ ವಿಚಾರದಲ್ಲೂ ಅದೇ ಮಾತು ಎಂದು ಹೊಳೆಯಿತು. 1997ರಿಂದ ಹೋದಲ್ಲೆಲ್ಲ ಅವನ್ನು ಹಾಡುತ್ತ ಬಂದಿದ್ದಾರೆ.

ಅಣ್ಣನ ವಿಚಾರ ಮಾತ್ರ ಸರಿಹೋಗಲಿಲ್ಲ. 1980ರಲ್ಲಿ ಟಾಮನ ಎರಡನೆಯ ಮದುವೆಯ ಔತಣದಲ್ಲಿ ನಾಲ್ವರೂ ಒಮ್ಮೆ ಒಟ್ಟಿಗೆ ನುಡಿಸಿದ್ದರು. ಮದುವೆಮನೆ ಎಷ್ಟೋ ಮುರಿದ ನಂಟನ್ನು ಕೂಡಿಸುತ್ತದೆ, ಒಂದು ದಿನದ ಮಟ್ಟಿಗಾದರೂ. ಆದರೆ ಮುಂದಿನ ಜಗಳಗಳಲ್ಲಿ ಟಾಮ್ ಕಂಪನಿಯ ಜೆಂಟ್ಜ್ ಕಡೆಗೇ ನಿಂತ, ಆತನನ್ನು ತನ್ನ ಆಪ್ತಮಿತ್ರನೆಂದ. ಜಾನ್‌ಗೆ ಅದು ದಾವೆಗಿಂತ ಹೆಚ್ಚಾಗಿ ನೋಯಿಸಿತು. ಬೆನ್ನಿನ ಕಾಯಿಲೆಗೆ ಶಸ್ತ್ರಚಿಕಿತ್ಸೆಯಾದಾಗ ಕೊಟ್ಟ ರಕ್ತದಿಂದ ಟಾಮನಿಗೆ ಏಡ್ಸ್ ಸೋಂಕು ತಗುಲಿತು. 1990ರ ಸೆಪ್ಟೆಂಬರ್ 6ರಂದು, 48ನೆಯ ವಯಸ್ಸಿನಲ್ಲಿ, ತೀರಿಕೊಂಡ. ಮನಸ್ಸು ತಿಳಿಯಾಗುವ ಮುಂಚೆಯೇ.

1993ರಲ್ಲಿ ರಾಕ್ ಸಂಗೀತದ ಕೀರ್ತಿಮಂದಿರಕ್ಕೆ ತಂಡವನ್ನು ಸೇರಿಸಿ ಸನ್ಮಾನ ಮಾಡಿದರು. ಟಾಮನ ಹೆಂಡತಿ ಗಂಡನ ಅಸ್ಥಿಯ ಕಲಶವನ್ನು ಹಿಡಿದು ಬಂದಿದ್ದಳು, ನಾಲ್ವರೂ ಕೂಡಲಿ ಅಂತ. ಜಾನ್ ಆ ರಾತ್ರಿ ಡಗ್ ಮತ್ತು ಸ್ಟೂ ಜೊತೆ ನುಡಿಸಲು ಒಪ್ಪಲಿಲ್ಲ, ಬೇರೆ ಕಲಾವಿದರ ಜೊತೆ ಹಾಡಿದ. ಹದಿನಾಲ್ಕನೇ ವಯಸ್ಸಿನಿಂದ ಜೊತೆಯಲ್ಲಿದ್ದ ಗೆಳೆಯರು ಕೆಳಗೆ ಕೂತು ನೋಡಿದರು. ಇದನ್ನು ಓದಿಸಿಕೊಂಡ ದಿನ ನನಗೆ ಜಾನ್ ಮೇಲೆ ನಿಜವಾಗಿ ಕೋಪ ಬಂತು. ಕಾಗದಕ್ಕೆ ಹಾಕಿದ ಸಹಿಯಿಂದ ದುಡ್ಡು ಹೋಯಿತು, ಒಪ್ಪುತ್ತೇನೆ. ಆದರೆ ಆ ಕಲಶದ ಮುಂದೆ ಒಂದು ಹಾಡು ನುಡಿಸಬೇಡ ಅಂತ ಯಾವ ಕರಾರಿನಲ್ಲಿ ಬರೆದಿತ್ತು?

ಆದರೂ ಮನುಷ್ಯನ ಹಣೆಯಲ್ಲಿ ಒಂದಿಷ್ಟು ಒಳ್ಳೆಯದೂ ಬರೆದಿರುತ್ತದೆ. 1986ರಲ್ಲಿ ಪ್ರವಾಸದ ದಾರಿಯಲ್ಲಿ ಜೂಲಿ ಎಂಬಾಕೆಯ ಪರಿಚಯವಾಗಿ 1991ರಲ್ಲಿ ಮದುವೆಯಾಯಿತು. ಕಹಿಯಲ್ಲೇ ಮುಳುಗಿಹೋಗುತ್ತಿದ್ದ ತನ್ನನ್ನು ಎಳೆದು ದಡಕ್ಕೆ ಹಾಕಿದವಳು ಅವಳೇ ಎಂದು ಜಾನ್ ಎಲ್ಲೆಲ್ಲೂ ಹೇಳುತ್ತಾರೆ. ವುಡ್‌ಸ್ಟಾಕಿನಲ್ಲಿ ನುಡಿಸಿದ ಗಿಟಾರನ್ನು ಆತ ತಂಡ ಒಡೆದ ಕಾಲದ ಬೇಸರದಲ್ಲಿ ಯಾರೋ ಒಬ್ಬ ಹುಡುಗನಿಗೆ ದಾನ ಮಾಡಿಬಿಟ್ಟಿದ್ದ. ಜೂಲಿ ಸದ್ದಿಲ್ಲದೆ ಹುಡುಕಿಸಿ, 2016ರ ಕ್ರಿಸ್ಮಸ್ ಹಬ್ಬಕ್ಕೆ ಅದನ್ನು ಮರದ ಕೆಳಗೆ ತಂದಿಟ್ಟಳು. ನಲವತ್ತು ವರ್ಷದ ಮೇಲೆ!

ಫ್ಯಾಂಟಸಿಯನ್ನು 2004ರಲ್ಲಿ ಕೊಂಡ ಕಾಂಕರ್ಡ್ ಎಂಬ ಹೊಸ ಕಂಪನಿ, ಜಾನ್ ಬಿಟ್ಟುಕೊಟ್ಟಿದ್ದ ಪಾಲನ್ನು ತಾನಾಗಿಯೇ ಮತ್ತೆ ಕೊಡತೊಡಗಿತು. ಕಡೆಗೆ 2023ರ ಜನವರಿಯಲ್ಲಿ ಆ ಹಾಡುಗಳ ಪ್ರಕಾಶನ ಹಕ್ಕಿನ ಬಹುಪಾಲನ್ನು ಜಾನ್ ಹಣ ಕೊಟ್ಟು ಕೊಂಡುಕೊಂಡರು. ತಾನು ಬರೆದದ್ದನ್ನು ತಾನೇ ಕೊಳ್ಳುವುದು! ಸಹಿ ಹಾಕಿ 55 ವರ್ಷವಾಗಿತ್ತು. ಜೆಂಟ್ಜ್ 2014ರಲ್ಲೇ ತೀರಿಕೊಂಡಿದ್ದರು. ಜೂಲಿ ಹಟ ಬಿಡದೆ ಹಿಂದೆ ಬಿದ್ದದ್ದರಿಂದಲೇ ಇದಾಯಿತು ಎನ್ನುತ್ತಾರೆ.

ಅಂದರೆ ಉಪ್ಪಿನಕಾಯಿಯ ವಿಧಾನ ಕೈಗೆ ಬಂತು, ಹಳೆಯ ಜಾಡಿಗಳು ಮಾತ್ರ ಇನ್ನೂ ಕಂಪನಿಯದೇ. ಅದಕ್ಕೆ 2025ರಲ್ಲಿ, 80 ತುಂಬಿದ ವರ್ಷ, 20 ಹಾಡುಗಳನ್ನು ಹೊಸದಾಗಿ ಹಾಡಿ ಹೊರತಂದರು. ಜೊತೆಗೆ ನುಡಿಸಿದವರಲ್ಲಿ ಮಕ್ಕಳಾದ ಶೇನ್ ಮತ್ತು ಟೈಲರ್ ಇದ್ದಾರೆ. ಪ್ರತಿ ಹಾಡಿನ ಮುಂದೆಯೂ 'ಜಾನ್ಸ್ ವರ್ಷನ್' ಎಂದು ಬರೆಸಿದ್ದಾರೆ. ಟೇಲರ್ ಸ್ವಿಫ್ಟ್ ಎಂಬ ಈ ಕಾಲದ ಗಾಯಕಿ ತನ್ನ ಹಳೆಯ ಹಾಡುಗಳ ಮುದ್ರಣ ಬೇರೆಯವರ ಕೈಸೇರಿದಾಗ ಹೀಗೆಯೇ ಮತ್ತೆ ಹಾಡಿದಳಂತೆ. ಅಜ್ಜನಿಗೆ ಅವಳೇ ಗುರು.

ಹಳೆಯ ಜಾಡಿಗಳೇನೂ ಮಾರಾಟವಾಗದೆ ಕೂತಿಲ್ಲ. 1976ರಲ್ಲಿ ಆರಿಸಿ ಒಟ್ಟು ಮಾಡಿದ 'ಕ್ರಾನಿಕಲ್' ಎಂಬ ಸಂಕಲನ ಅಮೆರಿಕ ಒಂದರಲ್ಲೇ ಒಂದು ಕೋಟಿಗೂ ಮೀರಿ ಹೋಗಿದೆ. ನಾಲ್ಕೂವರೆ ವರ್ಷ ಬಾಳಿದ ತಂಡ ಅದು.

ನಿನ್ನೆ ಮಧ್ಯಾಹ್ನ ಮೊಮ್ಮಗ ಬಿಸಿಲು ಮಳೆಯ ಹಾಡನ್ನು ಎರಡು ಸಲ ಹಾಕಿದ, ಹಳೆಯದೊಮ್ಮೆ, ಹೊಸದೊಮ್ಮೆ. ಹೊಸದರಲ್ಲಿ ಕಂಠ ಕೊಂಚ ಮಾಗಿದೆ, ಎಂಬತ್ತಕ್ಕೆ ಅದು ದೊಡ್ಡದೇ. ಧ್ವನಿಯೂ ಸ್ವಚ್ಛವಾಗಿದೆ. "ಯಾವುದು ಚೆನ್ನಾಗಿದೆ ಅಜ್ಜಿ?" ಅಂದ. ಹಳೆಯದನ್ನೇ ಇನ್ನೊಂದು ಸಲ ಹಾಕು ಅಂದೆ. ಅದರಲ್ಲಿ, ತಮ್ಮನ ದನಿಯ ಹಿಂದೆ, ಎಡಬಿಡದೆ ಲಯ ಹಿಡಿದು ನುಡಿಸುತ್ತಿರುವವನು ಟಾಮ್.